ತಲೆ ಎತ್ಕೊಂಡು ಆಡು: ಐಸ್ ಹಾಕಿಯಲ್ಲಿ ಡಿಕ್ಕಿ ಹೊಡೆದವರು, ಬಿದ್ದವರು, ನಿಯಮ ಬರೆದವರು

ಭಾಗ 1 🏒

2010ರ ಮಾರ್ಚ್ 7. ಅಮೆರಿಕದ ಪಿಟ್ಸ್‌ಬರ್ಗ್ ಊರು. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಮತ್ತು ಬಾಸ್ಟನ್ ಬ್ರೂಯಿನ್ಸ್ ನಡುವೆ ಐಸ್ ಹಾಕಿ ಮ್ಯಾಚ್ ನಡೀತಿದೆ. ಬಾಸ್ಟನ್ ತಂಡದ ಮಾರ್ಕ್ ಸವಾರ್ಡ್ ಗೋಲಿನ ಕಡೆ ಒಂದು ಶಾಟ್ ಹೊಡೆದ. ಪಕ್ ಆಗಲೇ ಅವನ ಸ್ಟಿಕ್ ಬಿಟ್ಟು ಹೋಗಿತ್ತು, ಅವನ ಕಣ್ಣು ಮಾತ್ರ ಇನ್ನೂ ಅದರ ಹಿಂದೆಯೇ ಇತ್ತು. ಅಷ್ಟರಲ್ಲಿ ಅವನಿಗೆ ಕಾಣದ ಕಡೆಯಿಂದ ಪೆಂಗ್ವಿನ್ಸ್‌ನ ಮ್ಯಾಟ್ ಕುಕ್ ಬಂದು ಸೀದಾ ತಲೆಗೆ ಗುದ್ದಿದ. ಸವಾರ್ಡ್ ಅಲ್ಲೇ ಬಿದ್ದ. ಸ್ಟ್ರೆಚರ್ ಬಂತು.

ಕುಕ್‌ಗೆ ಪೆನಾಲ್ಟಿ ಇಲ್ಲ. ಲೀಗ್‌ನವರು ಆಮೇಲೆ ವಿಡಿಯೊ ಹಾಕ್ಕೊಂಡು ನೋಡಿದ್ರು. ಒಂದೇ ಒಂದು ಮ್ಯಾಚ್‌ಗೂ ಸಸ್ಪೆಂಡ್ ಮಾಡಲಿಲ್ಲ.

ಇದು ರೆಫರಿ ತಪ್ಪು ಅಂತ ನಾನು ಮೊದಲು ಅಂದ್ಕೊಂಡಿದ್ದೆ. ಅಲ್ಲ. ಭುಜದಿಂದ ಎದುರಾಳಿಯ ತಲೆಗೆ ಗುದ್ದೋದು ತಪ್ಪು ಅಂತ ಆ ಲೀಗ್‌ನ ರೂಲ್ ಬುಕ್‌ನಲ್ಲಿ ಆ ದಿನಕ್ಕೆ ಬರೆದೇ ಇರಲಿಲ್ಲ! ಲೀಗ್ ಶುರುವಾಗಿ 92 ವರ್ಷ ಆಗಿತ್ತು. ಕೋಲು ತಾಗಿಸಿದ್ರೆ ಪೆನಾಲ್ಟಿ ಇತ್ತು. ಮೊಣಕೈ ತಾಗಿಸಿದ್ರೆ ಪೆನಾಲ್ಟಿ ಇತ್ತು. ಕೈಯಲ್ಲಿ ಎಳೆದ್ರೂ ಪೆನಾಲ್ಟಿ. ಭುಜದಿಂದ ತಲೆಗೆ? ಓಕೆ.

ಯಾಕೆ ಹೀಗೆ? ಈ ಸೀರೀಸ್ ಪೂರ್ತಿ ಅದೇ ಪ್ರಶ್ನೆ. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಭಾಗ 2

ಹಾಕಿ ಅಂದ ತಕ್ಷಣ ನಮ್ಮಲ್ಲಿ ಎಲ್ಲರ ತಲೆಗೂ ಬರೋದು ಕೊಡಗು. ಇದು ಆ ಹಾಕಿ ಅಲ್ಲ. ಮಂಜುಗಡ್ಡೆಯ ಮೈದಾನ, ಕಾಲಲ್ಲಿ ಬ್ಲೇಡ್ ಇರೋ ಸ್ಕೇಟ್ಸ್, ಚೆಂಡಿನ ಬದಲು ಪಕ್ ಅನ್ನೋ ಗಟ್ಟಿ ರಬ್ಬರಿನ ಬಿಲ್ಲೆ, ಸುತ್ತ ಎದೆಮಟ್ಟದ ಗೋಡೆ, ಅದರ ಮೇಲೆ ಗಾಜು. ಇದರ ಅತಿ ದೊಡ್ಡ ಲೀಗ್ ಎನ್‌ಎಚ್‌ಎಲ್, 1917ರ ನವೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದ್ದು. ಈಗ ಅಮೆರಿಕ, ಕೆನಡಾ ಸೇರಿ 32 ತಂಡ.

ಈ ಆಟದಲ್ಲಿ ಡಿಕ್ಕಿ ಹೊಡೆಯೋದು ಆಟದ ಭಾಗ, ಫೌಲ್ ಅಲ್ಲ. ಅದಕ್ಕೆ ಬಾಡಿ ಚೆಕ್ ಅಂತಾರೆ. ಪಕ್ ಯಾರ ಹತ್ರ ಇದೆಯೋ ಅವನನ್ನ ಭುಜದಿಂದಲೋ ಸೊಂಟದಿಂದಲೋ ಗುದ್ದಿ ಪಕ್‌ನಿಂದ ಬೇರೆ ಮಾಡಬಹುದು. ಕಬಡ್ಡಿಯಲ್ಲಿ ರೈಡರ್‌ನ ಹಿಡಿಯೋದು ಹೇಗೆ ಹಿಂಸೆ ಅಲ್ವೋ ಹಾಗೆ. ಚೆನ್ನಾಗಿ ಹೊಡೆದ ಚೆಕ್‌ಗೆ ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತೆ. ನಾನೂ ರೀಲ್ಸ್ ನೋಡಿ ವಾವ್ ಅಂದಿದ್ದೀನಿ, ಸುಳ್ಳು ಹೇಳಲ್ಲ.

ಅಲ್ಲಿ ಮಕ್ಕಳಿಗೆ ಆಟ ಕಲಿಸೋವಾಗ ಎಲ್ಲ ಕೋಚ್‌ಗಳೂ ಹೇಳೋ ಒಂದು ಮಾತಿದೆ: ತಲೆ ಎತ್ಕೊಂಡು ಆಡು. ಪಕ್ ನೋಡ್ತಾ ತಲೆ ತಗ್ಗಿಸ್ಕೊಂಡು ಓಡಿದ್ರೆ ಯಾರಾದ್ರೂ ಬಂದು ಗುದ್ದುತ್ತಾರೆ, ಹುಷಾರು ಅಂತ. ಸಲಹೆಯಾಗಿ ಒಳ್ಳೇದೇ. ಆದರೆ ನಿಧಾನಕ್ಕೆ ಈ ಸಲಹೆಯೇ ತೀರ್ಪಾಗಿಬಿಡ್ತು. ಯಾರಾದ್ರೂ ಪ್ರಜ್ಞೆ ತಪ್ಪಿ ಬಿದ್ದರೆ ಮೊದಲ ಪ್ರಶ್ನೆ ಹೊಡೆದವನಿಗಲ್ಲ, ಬಿದ್ದವನಿಗೆ: ನೀನ್ಯಾಕೆ ತಲೆ ತಗ್ಗಿಸಿದ್ದೆ?

ಈ ಆಟದ ಸುರಕ್ಷತೆಯ ಇತಿಹಾಸ ಅಂದ್ರೆ ಆ ಪ್ರಶ್ನೆಯ ದಿಕ್ಕು ಬಿದ್ದವನಿಂದ ಹೊಡೆದವನ ಕಡೆಗೆ ತಿರುಗಿದ ಇತಿಹಾಸ ಅಂತ ನನಗನ್ನಿಸುತ್ತೆ. ತುಂಬಾ ನಿಧಾನಕ್ಕೆ. ಇನ್ನೂ ಪೂರ್ತಿ ತಿರುಗಿಲ್ಲ.

ಭಾಗ 3

ಹಳೇ ಕಥೆಯಿಂದ ಶುರು ಮಾಡೋಣ. 1933ರ ಡಿಸೆಂಬರ್ 12, ಬಾಸ್ಟನ್ ಗಾರ್ಡನ್. ಬಾಸ್ಟನ್‌ನ ದೊಡ್ಡ ಸ್ಟಾರ್ ಎಡ್ಡಿ ಶೋರ್‌ನ ಟೊರಾಂಟೊದ ಆಟಗಾರನೊಬ್ಬ ಬೀಳಿಸಿದ. ಎದ್ದ ಶೋರ್ ಕೋಪದಲ್ಲಿ ಎದುರು ಸಿಕ್ಕ ಟೊರಾಂಟೊ ಆಟಗಾರನಿಗೆ ಹಿಂದಿನಿಂದ ಗುದ್ದಿದ. ಅವನು ಏಸ್ ಬೇಲಿ. ಶೋರ್‌ನ ಬೀಳಿಸಿದ್ದು ಬೇಲಿ ಅಲ್ಲವೇ ಅಲ್ಲ, ಕಿಂಗ್ ಕ್ಲಾನ್ಸಿ ಅನ್ನೋ ಇನ್ನೊಬ್ಬ ಅಂತ ಸಾಮಾನ್ಯವಾಗಿ ಹೇಳ್ತಾರೆ. ಬೇಲಿಯ ತಲೆ ಐಸ್‌ಗೆ ಬಡಿದು ಬುರುಡೆ ಒಡೀತು. ಮೆದುಳಿಗೆ ಆಪರೇಷನ್‌ಗಳಾದವು. ಜೀವ ಉಳೀತು, ಆಟ ಉಳೀಲಿಲ್ಲ. ಬೇಲಿ ಮತ್ತೆ ಯಾವತ್ತೂ ಆಡಲಿಲ್ಲ.

ಶೋರ್‌ಗೆ 16 ಮ್ಯಾಚ್ ಸಸ್ಪೆನ್ಷನ್. ಆಗ ಸೀಸನ್‌ಗೆ 48 ಮ್ಯಾಚ್, ಅಂದ್ರೆ ಮೂರನೇ ಒಂದು ಭಾಗ. ಈಗಿನ ಲೆಕ್ಕಕ್ಕೆ ಹೋಲಿಸಿದ್ರೆ ಇದು ಸಣ್ಣ ಶಿಕ್ಷೆಯೇನಲ್ಲ, ಆಮೇಲೆ ನೋಡ್ತೀರಿ.

1934ರ ಫೆಬ್ರವರಿ 14ಕ್ಕೆ ಟೊರಾಂಟೊದಲ್ಲಿ ಬೇಲಿಗಾಗಿ ಒಂದು ಸಹಾಯಾರ್ಥ ಪಂದ್ಯ ಇಟ್ಟರು. ಒಂದು ಕಡೆ ಟೊರಾಂಟೊ ತಂಡ, ಇನ್ನೊಂದು ಕಡೆ ಉಳಿದೆಲ್ಲ ತಂಡಗಳಿಂದ ಆರಿಸಿದ ಸ್ಟಾರ್‌ಗಳು. ಅವರಲ್ಲಿ ಶೋರ್ ಕೂಡ ಒಬ್ಬ! ಮ್ಯಾಚ್‌ಗೆ ಮುಂಚೆ ಬೇಲಿ ಮತ್ತು ಶೋರ್ ಎಲ್ಲರೆದುರು ಕೈಕುಲುಕಿದರು. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು.

ಚಂದದ ದೃಶ್ಯ. ಆದರೆ ಗಮನಿಸಿ: ಇಬ್ಬರು ಗಂಡಸರು ಕೈ ಕೊಟ್ಟರು, ವಿಷಯ ಮುಗೀತು. ಇವನ ಸಿಟ್ಟು, ಅವನ ದೊಡ್ಡ ಮನಸ್ಸು ಅಂತ ಎಲ್ಲವೂ ವೈಯಕ್ತಿಕ ಆಗಿಹೋಯ್ತು. ಶೋರ್ ಆಮೇಲೆ ಹೆಲ್ಮೆಟ್ ಹಾಕ್ಕೊಳ್ಳೋಕೆ ಶುರು ಮಾಡಿದ. ಲೀಗ್ ಮಾತ್ರ ಯಾರಿಗೂ ಹಾಕ್ಕೊಳ್ಳಿ ಅಂತ ಹೇಳಲಿಲ್ಲ.

ಭಾಗ 4

ಹೇಳೋಕೆ ಇನ್ನೂ 45 ವರ್ಷ ಬೇಕಾಯ್ತು. ನಡುವೆ ಒಂದು ಸಾವು.

ಬಿಲ್ ಮಾಸ್ಟರ್ಟನ್. ಮಿನಿಸೋಟ ನಾರ್ತ್ ಸ್ಟಾರ್ಸ್ ಅನ್ನೋ ಹೊಸ ತಂಡದ ಮೊಟ್ಟಮೊದಲ ಗೋಲು ಹೊಡೆದವನು ಇವನೇ. ಅದು 1967ರ ಅಕ್ಟೋಬರ್. ಮೂರೇ ತಿಂಗಳಿಗೆ, 1968ರ ಜನವರಿ 13ರಂದು, ಓಕ್ಲೆಂಡ್ ಮೇಲಿನ ಪಂದ್ಯದಲ್ಲಿ ಇಬ್ಬರು ಡಿಫೆಂಡರ್‌ಗಳ ಡಿಕ್ಕಿಗೆ ಸಿಕ್ಕಿ ಹಿಮ್ಮುಖವಾಗಿ ಬಿದ್ದ. ಬರಿತಲೆ, ಕೆಳಗೆ ಐಸ್. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 29. ಎನ್‌ಎಚ್‌ಎಲ್ ಪಂದ್ಯದಲ್ಲಾದ ಪೆಟ್ಟಿನಿಂದಲೇ ನೇರವಾಗಿ ಸತ್ತ ಆಟಗಾರ ಅಂದ್ರೆ ಇವತ್ತಿಗೂ ಇವನೊಬ್ಬನೇ.

ಲೀಗ್ ಏನು ಮಾಡ್ತು? ಅದೇ ವರ್ಷ ಅವನ ಹೆಸರಲ್ಲಿ ಒಂದು ಟ್ರೋಫಿ ಶುರು ಮಾಡ್ತು. ಛಲ, ಕ್ರೀಡಾಮನೋಭಾವ, ಆಟದ ಮೇಲಿನ ಶ್ರದ್ಧೆಗೆ ಕೊಡೋ ಬಹುಮಾನ, ಈಗಲೂ ಪ್ರತಿ ವರ್ಷ ಕೊಡ್ತಾರೆ. ಹೆಲ್ಮೆಟ್ ಕಡ್ಡಾಯ ಆಗಿದ್ದು? 1979ಕ್ಕೆ. ಟ್ರೋಫಿ ಬಂದು 11 ವರ್ಷದ ಮೇಲೆ.

ಅದೂ ಹೇಗೆ ಕಡ್ಡಾಯ ಆಯ್ತು ನೋಡಿ. 1979ರ ಜೂನ್ 1ರ ನಂತರ ಕಾಂಟ್ರ್ಯಾಕ್ಟ್ ಸಹಿ ಮಾಡಿದವರಿಗೆ ಮಾತ್ರ. ಅದಕ್ಕೆ ಮುಂಚೆ ಸಹಿ ಮಾಡಿದವರು ಬೇಕಾದ್ರೆ ಬರಿತಲೆಯಲ್ಲೇ ಆಡಬಹುದು, ಅಪಾಯ ನಮ್ಮದೇ ಅಂತ ಒಂದು ಪತ್ರಕ್ಕೆ ಸೈನ್ ಹಾಕಿದ್ರೆ ಸಾಕು. ಹೀಗೆ ಬರಿತಲೆಯಲ್ಲಿ ಆಡಿದ ಕೊನೆಯ ವ್ಯಕ್ತಿ ಕ್ರೇಗ್ ಮ್ಯಾಕ್‌ಟಾವಿಶ್. ಅವನು ರಿಟೈರ್ ಆಗಿದ್ದು 1997ರಲ್ಲಿ. ಅಂದ್ರೆ ನಿಯಮ ಬಂದು 18 ವರ್ಷ ಆದಮೇಲೂ ಐಸ್ ಮೇಲೆ ಒಬ್ಬನ ಕೂದಲು ಗಾಳಿಗೆ ಹಾರ್ತಿತ್ತು.

ಈ ತಂತ್ರ ನೆನಪಿಟ್ಕೊಳ್ಳಿ. ಈಗಿರೋರಿಗೆ ತೊಂದರೆ ಕೊಡದೆ, ಇನ್ನೂ ಬರದೇ ಇರೋರ ಮೇಲೆ ನಿಯಮ ಹಾಕೋದು. ಜಗಳ ಕಮ್ಮಿ. ಇನ್ನೂ ಬರದೇ ಇರೋರು ಮೀಟಿಂಗ್‌ನಲ್ಲಿ ಕೂತಿರಲ್ವಲ್ಲ.

ಭಾಗ 5

ಹೆಲ್ಮೆಟ್ ಬಂತು, ಬುರುಡೆ ಒಡೆಯೋದು ನಿಂತಿತು. ಆದರೆ ಒಳಗಿರೋ ಮೆದುಳು? ಹೆಲ್ಮೆಟ್ ಬುರುಡೆಯನ್ನ ಕಾಯುತ್ತೆ, ತಲೆ ಜೋರಾಗಿ ಅಲುಗಾಡಿದಾಗ ಒಳಗೆ ಮೆದುಳು ಹೊಯ್ದಾಡೋದನ್ನ ಅದು ತಡೆಯಲ್ಲ. ಅದೇ ಕನ್ಕಷನ್.

ಇಲ್ಲಿ ಸ್ಕಾಟ್ ಸ್ಟೀವನ್ಸ್ ಬಗ್ಗೆ ಹೇಳಲೇಬೇಕು. ನ್ಯೂ ಜೆರ್ಸಿ ಡೆವಿಲ್ಸ್ ತಂಡದ ಕ್ಯಾಪ್ಟನ್, ಡಿಫೆಂಡರ್. 2000ದ ಮೇ 26, ಫಿಲಡೆಲ್ಫಿಯಾ, ಪ್ಲೇಆಫ್‌ನ ಏಳನೇ ಪಂದ್ಯ. ಎದುರಿಗೆ ಎರಿಕ್ ಲಿಂಡ್ರೋಸ್, ಆ ಕಾಲದ ದೈತ್ಯ ಪ್ರತಿಭೆ, ಆಗಲೇ ಹಲವು ಕನ್ಕಷನ್ ಅನುಭವಿಸಿ ಹಿಂದಿನ ಪಂದ್ಯದಲ್ಲಷ್ಟೇ ವಾಪಸ್ ಬಂದಿದ್ದ. ಪಕ್ ತಗೊಂಡು, ತಲೆ ತಗ್ಗಿಸಿ, ನೀಲಿ ಗೆರೆ ದಾಟಿ ಅಡ್ಡ ಬಂದ. ಸ್ಟೀವನ್ಸ್‌ನ ಭುಜ ಸೀದಾ ದವಡೆಗೆ. ಆ ವಿಡಿಯೊ ನೋಡಿದ್ರೆ ಹೊಟ್ಟೆ ತೊಳೆಸುತ್ತೆ. ಲಿಂಡ್ರೋಸ್ ಮುಂದಿನ ಇಡೀ ಸೀಸನ್ ಆಡಲಿಲ್ಲ.

ಮೂರು ವರ್ಷದ ಮೇಲೆ, 2003ರ ಫೈನಲ್‌ನ ಆರನೇ ಪಂದ್ಯ. ಅದೇ ಸ್ಟೀವನ್ಸ್, ಈ ಸಲ ಅನಹೈಮ್‌ನ ಪಾಲ್ ಕರಿಯಾ. ಪಕ್ ಪಾಸ್ ಕೊಟ್ಟಾದ ಮೇಲೆ ಬಿದ್ದ ಪೆಟ್ಟು. ಕರಿಯಾ ಅಲುಗಾಡದೆ ಮಲಗಿಬಿಟ್ಟ. ಆಮೇಲೆ ಒಳಗೆ ಹೋದ. ಕೆಲವೇ ನಿಮಿಷಕ್ಕೆ ವಾಪಸ್ ಬಂದು ಗೋಲು ಹೊಡೆದ! ಆ ದಿನ ಅದನ್ನ ಹೀರೋಯಿಸಂ ಅಂತ ಎಲ್ಲರೂ ಕೊಂಡಾಡಿದರು. ಈಗ ಅದೇ ಕ್ಲಿಪ್ ನೋಡಿದ್ರೆ, ಪ್ರಜ್ಞೆ ತಪ್ಪಿ ಬಿದ್ದವನನ್ನ ಅಷ್ಟು ಬೇಗ ಯಾರು ವಾಪಸ್ ಕಳಿಸಿದ್ದು ಅನ್ನೋ ಪ್ರಶ್ನೆಯೇ ಮೊದಲು ಬರುತ್ತೆ.

ಎರಡೂ ಡಿಕ್ಕಿಗೆ ಪೆನಾಲ್ಟಿ ಇಲ್ಲ. ಆಗಿನ ನಿಯಮದಲ್ಲಿ ಎರಡೂ ಕ್ಲೀನ್. ಸ್ಟೀವನ್ಸ್‌ನ ಕೆಟ್ಟವನು ಅಂತ ಬರೆಯೋದು ಸುಲಭ, ಆದರೆ ಅದು ಅನ್ಯಾಯ. ಪುಸ್ತಕದಲ್ಲಿ ಏನಿತ್ತೋ ಅದರೊಳಗೇ ಅವನು ಆಡಿದ. ಕಪ್ ಗೆದ್ದ, 2007ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಲಿಂಡ್ರೋಸ್ 2016ರಲ್ಲಿ, ಕರಿಯಾ 2017ರಲ್ಲಿ. ಈಗ ಮೂವರೂ ಒಂದೇ ಗೋಡೆ ಮೇಲಿದ್ದಾರೆ. ಇನ್ನೊಂದು ವಿಷಯ: ಸ್ಟೀವನ್ಸ್‌ನ ಸ್ವಂತ ಆಟ ಮುಗಿದಿದ್ದೂ ಕನ್ಕಷನ್‌ನಿಂದಲೇ, 2004ರಲ್ಲಿ.

ಭಾಗ 6

ಚಿಕ್ಕ ಪೋಸ್ಟ್ ಇದು, ಆದರೆ ಬಿಡೋಕಾಗಲ್ಲ.

2004ರ ಫೆಬ್ರವರಿಯಲ್ಲಿ ಕೊಲರಾಡೊದ ಹೊಸ ಹುಡುಗ ಸ್ಟೀವ್ ಮೂರ್, ವ್ಯಾಂಕೂವರ್ ಕ್ಯಾಪ್ಟನ್ ಮಾರ್ಕಸ್ ನಾಸ್ಲುಂಡ್‌ಗೆ ತಲೆಗೆ ತಾಗೋ ಹಾಗೆ ಡಿಕ್ಕಿ ಹೊಡೆದ. ಪೆನಾಲ್ಟಿ ಇಲ್ಲ. ರೆಫರಿ ಶಿಕ್ಷೆ ಕೊಡಲಿಲ್ಲ, ಹಾಗಾದ್ರೆ ನಾವೇ ಕೊಡ್ತೀವಿ ಅನ್ನೋದು ಆ ಆಟದ ಹಳೇ ಸಂಪ್ರದಾಯ. ಮಾರ್ಚ್ 8ರಂದು ವ್ಯಾಂಕೂವರ್‌ನ ಟಾಡ್ ಬರ್ಟುಜ್ಜಿ ಹಿಂದಿನಿಂದ ಬಂದು ಮೂರ್‌ಗೆ ಗುದ್ದಿ, ಮುಖ ಅಡಿಯಾಗಿ ಐಸ್‌ಗೆ ಕೆಡವಿದ. ಕತ್ತಿನ ಮೂಳೆಗಳು ಮುರಿದವು. ಮೂರ್ ಮತ್ತೆ ಎನ್‌ಎಚ್‌ಎಲ್ ಆಡಲಿಲ್ಲ.

ಇದು ಕೋರ್ಟ್‌ಗೆ ಹೋಯ್ತು. ಬರ್ಟುಜ್ಜಿ ತಪ್ಪೊಪ್ಪಿಕೊಂಡ. ಜೈಲಿಲ್ಲ, ಒಂದು ವರ್ಷ ಪ್ರೊಬೇಷನ್, 80 ಗಂಟೆ ಸಮಾಜಸೇವೆ. ಮೂರ್ ಹಾಕಿದ ಸಿವಿಲ್ ಕೇಸ್ 2014ರವರೆಗೆ ಎಳೆದು ಕೊನೆಗೆ ರಾಜಿಯಾಯ್ತು.

ಆ ಮೊದಲ ಡಿಕ್ಕಿಗೆ ಪುಸ್ತಕದಲ್ಲೊಂದು ನಿಯಮ ಇದ್ದಿದ್ರೆ? ಎರಡು ನಿಮಿಷವೋ ಐದು ನಿಮಿಷವೋ ಪೆನಾಲ್ಟಿ ಕೊಟ್ಟು ಮುಗಿಸಿದ್ರೆ ಮೂರ್ ಇನ್ನೂ ಹತ್ತು ವರ್ಷ ಆಡ್ತಿದ್ದನೇನೋ. ಪ್ರೂವ್ ಮಾಡೋಕಾಗಲ್ಲ. ಆದರೂ ಅನ್ಸುತ್ತೆ.

ಭಾಗ 7

ಈಗ ವಾಪಸ್ ಪಿಟ್ಸ್‌ಬರ್ಗ್‌ಗೆ, ಸವಾರ್ಡ್ ಹತ್ರ.

ಆ ಡಿಕ್ಕಿಯ ಮರುದಿನವೇ ಎಲ್ಲ ತಂಡಗಳ ಜನರಲ್ ಮ್ಯಾನೇಜರ್‌ಗಳು ಫ್ಲೋರಿಡಾದಲ್ಲಿ ಸಭೆ ಸೇರಬೇಕಿತ್ತು. ಅದು ಮೊದಲೇ ನಿಗದಿಯಾಗಿದ್ದ ಸಭೆ. ತಲೆಗೆ ಬೀಳೋ ಪೆಟ್ಟಿನ ಚರ್ಚೆಯೂ ಹೊಸದಲ್ಲ. ಅದೇ ಸೀಸನ್‌ನ ಅಕ್ಟೋಬರ್‌ನಲ್ಲಿ ಫ್ಲೋರಿಡಾದ ಡೇವಿಡ್ ಬೂತ್ ಹೀಗೇ ಬಿದ್ದಿದ್ದ, ಹೊಡೆದ ಮೈಕ್ ರಿಚರ್ಡ್ಸ್‌ಗೂ ಸಸ್ಪೆನ್ಷನ್ ಆಗಿರಲಿಲ್ಲ. ಆದರೆ ಸವಾರ್ಡ್ ಸ್ಟ್ರೆಚರ್ ಮೇಲೆ ಹೋದ ಬೆನ್ನಿಗೇ ಮೀಟಿಂಗ್ ಬಂದಿದ್ದಕ್ಕೆ ಕೆಲಸ ಬೇಗ ಆಯ್ತು. ಅದೇ ತಿಂಗಳು ತಾತ್ಕಾಲಿಕ ವ್ಯವಸ್ಥೆ ಬಂತು, 2010-11ರ ಸೀಸನ್‌ನಿಂದ ಪುಸ್ತಕದಲ್ಲಿ ನಿಯಮ 48: ತಲೆಗೆ ಅಕ್ರಮ ಚೆಕ್.

ಮೊದಲ ರೂಪದಲ್ಲಿ ನಿಷೇಧ ಇದ್ದಿದ್ದು ಪಕ್ಕದಿಂದ ಅಥವಾ ಕಾಣದ ಕಡೆಯಿಂದ ಬರೋ ಪೆಟ್ಟಿಗೆ ಮಾತ್ರ. ಎದುರಿನಿಂದ ಬಂದು ತಲೆಗೆ ಹೊಡೆದ್ರೆ ಈ ನಿಯಮ ಮುಟ್ಟಲ್ಲ. ಯಾಕಂದ್ರೆ ಎದುರಿನಿಂದ ಬಂದವನನ್ನ ನೋಡಬೇಕಾದ್ದು ನಿನ್ನ ಕರ್ತವ್ಯ, ತಲೆ ಎತ್ಕೊಂಡು ಆಡು! ಮುಂದಿನ ವರ್ಷವೇ ಆ ದಿಕ್ಕಿನ ಷರತ್ತು ತೆಗೆದರು. ಯಾವ ಕಡೆಯಿಂದಾದ್ರೂ ಸರಿ, ತಲೆಯೇ ಗುರಿಯಾಗಿದ್ರೆ, ತಲೆಗೇ ಮುಖ್ಯವಾಗಿ ತಾಗಿದ್ರೆ ತಪ್ಪು. ಆಮೇಲೆ ಇನ್ನೊಂದು ತಿದ್ದುಪಡಿ ಬಂತು: ಆ ತಾಗುವಿಕೆ ತಪ್ಪಿಸಬಹುದಾಗಿತ್ತಾ ಅಂತ ನೋಡಬೇಕು. ನೋಡುವಾಗ, ಏಟು ತಿಂದವನು ತಾನೇ ತಲೆ ತಾಗೋ ಭಂಗಿಯಲ್ಲಿ ಇದ್ದನಾ ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು.

ಕೊನೆಯ ಸಾಲು ಇನ್ನೊಂದ್ಸಲ ಓದಿ. ಹಳೇ ಬುದ್ಧಿಮಾತು ಹಿಂಬಾಗಿಲಿಂದ ಒಳಗೆ ಬಂದು ಕೂತಿದೆ.

ಸವಾರ್ಡ್ ಏನಾದ? ಎರಡು ತಿಂಗಳಿಗೆ ವಾಪಸ್ ಬಂದ. ಮೇ 1ರಂದು ಫಿಲಡೆಲ್ಫಿಯಾ ಮೇಲೆ ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲು ಹೊಡೆದ, ಸಿನಿಮಾ ಥರ. ಆದರೆ ಮುಂದಿನ ಸೀಸನ್ ಶುರುವಾಗೋ ಹೊತ್ತಿಗೆ ಲಕ್ಷಣಗಳು ಮರುಕಳಿಸಿದ್ದವು. ಡಿಸೆಂಬರ್‌ನಲ್ಲಿ ಮತ್ತೆ ಐಸ್‌ಗಿಳಿದ. 2011ರ ಜನವರಿ 22ರಂದು ಕೊಲರಾಡೊದಲ್ಲಿ ಇನ್ನೊಂದು ಡಿಕ್ಕಿ, ಇನ್ನೊಂದು ಕನ್ಕಷನ್. ಅದೇ ಕೊನೆ. ವಯಸ್ಸು 33. ಆ ವರ್ಷ ಬಾಸ್ಟನ್ ಕಪ್ ಗೆದ್ದಾಗ, ನಿಯಮದ ಪ್ರಕಾರ ಬೇಕಾದಷ್ಟು ಮ್ಯಾಚ್ ಆಡಿರದಿದ್ದರೂ ತಂಡ ಕೇಳಿಕೊಂಡಿದ್ದಕ್ಕೆ ಅವನ ಹೆಸರನ್ನೂ ಕಪ್ ಮೇಲೆ ಕೆತ್ತಿದರು.

ಕುಕ್‌ನ ಕಥೆಯೂ ಹೇಳ್ಬೇಕು. 2011ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್‌ನ ರಯಾನ್ ಮೆಕ್‌ಡೊನಾಗೆ ಮೊಣಕೈಯಿಂದ ತಲೆಗೆ ಹೊಡೆದ. ಈ ಸಲ ಸೀಸನ್‌ನ ಉಳಿದ 10 ಮ್ಯಾಚ್ ಮತ್ತು ಪ್ಲೇಆಫ್‌ನ ಇಡೀ ಮೊದಲ ಸುತ್ತು ಔಟ್. ಮುಂದಿನ ಸೀಸನ್‌ಗೆ ಬಂದ ಕುಕ್ ಬೇರೆಯೇ ಆಟಗಾರ. ಹಿಂದಿನ ವರ್ಷ 129 ಪೆನಾಲ್ಟಿ ನಿಮಿಷ ಇದ್ದವನದು 44ಕ್ಕೆ ಇಳೀತು. 2014ರಲ್ಲಿ ಮಂಡಿಗೆ ಹೊಡೆದು ಮತ್ತೆ 7 ಮ್ಯಾಚ್ ಸಸ್ಪೆಂಡ್ ಆದ ಅನ್ನೋದೂ ನಿಜ, ಸಂತ ಏನಾಗಲಿಲ್ಲ. ಆದರೂ, ಇದು ವೇಗದ ಆಟ, ಆ ಕ್ಷಣದಲ್ಲಿ ಯೋಚಿಸೋಕೆ ಟೈಮ್ ಇರಲ್ಲ ಅನ್ನೋ ವಾದಕ್ಕೆ ನನ್ನ ಹತ್ರ ಇರೋ ಉತ್ತರ ಆ 129 ಮತ್ತು 44. ಶಿಕ್ಷೆ ನಿಜವಾಗಿ ನೋವಾದಾಗ ಕಾಲು ನೂರರಷ್ಟು ಸೆಕೆಂಡಿನಲ್ಲೂ ಮನುಷ್ಯ ಯೋಚಿಸ್ತಾನೆ.

ಭಾಗ 8

2011 ಆ ಲೀಗ್‌ಗೆ ಕೆಟ್ಟ ವರ್ಷ. ಜನವರಿ 1 ಮತ್ತು 5ರ ಎರಡು ಪೆಟ್ಟಿನಿಂದ ಲೀಗ್‌ನ ಅತಿ ದೊಡ್ಡ ಸ್ಟಾರ್ ಸಿಡ್ನಿ ಕ್ರಾಸ್ಬಿ ಸುಮಾರು ಹತ್ತೂವರೆ ತಿಂಗಳು ಹೊರಗೆ. ಮಾರ್ಚ್ 8ರಂದು ಮಾಂಟ್ರಿಯಲ್‌ನಲ್ಲಿ, 6 ಅಡಿ 9 ಇಂಚಿನ ಜ್ಡೆನೊ ಚಾರಾ, ಮ್ಯಾಕ್ಸ್ ಪಾಚೊರೆಟಿಯನ್ನ ಗೋಡೆಗೆ ತಳ್ಳಿದಾಗ ಅವನ ತಲೆ ಗಾಜಿನ ಕೊನೆಯಲ್ಲಿದ್ದ ಕಂಬಕ್ಕೆ ಬಡೀತು. ಕತ್ತಿನ ಮೂಳೆ ಬಿರುಕು, ಕನ್ಕಷನ್. ಚಾರಾನ ಆ ಪಂದ್ಯದಿಂದ ಹೊರಗೆ ಹಾಕಿದರು, ಸಸ್ಪೆನ್ಷನ್ ಇಲ್ಲ.

ಬಿಕಾಂ ಓದೋ ನನಗೆ ಇಷ್ಟವಾದ ಭಾಗ ಇಲ್ಲಿದೆ. ದೊಡ್ಡ ಸ್ಪಾನ್ಸರ್ ಏರ್ ಕೆನಡಾ ಲೀಗ್‌ಗೆ ಪತ್ರ ಬರೀತು: ಇದಕ್ಕೆ ಏನಾದ್ರೂ ಮಾಡಿ, ಇಲ್ಲಾಂದ್ರೆ ಸ್ಪಾನ್ಸರ್‌ಶಿಪ್ ವಾಪಸ್. ಡಾಕ್ಟರ್‌ಗಳು ಹೇಳಿದ್ದಕ್ಕಿಂತ ಈ ಪತ್ರ ಜಾಸ್ತಿ ಸದ್ದು ಮಾಡ್ತು. ಕಮಿಷನರ್ ಗ್ಯಾರಿ ಬೆಟ್‌ಮನ್ ಉತ್ತರ ಏನಪ್ಪಾ ಅಂದ್ರೆ, ಸ್ಪಾನ್ಸರ್‌ಗೆ ಬಿಡೋ ಹಕ್ಕಿದ್ರೆ ನಮ್ಮ ತಂಡಗಳಿಗೂ ಬೇರೆ ವಿಮಾನ ನೋಡ್ಕೊಳ್ಳೋ ಹಕ್ಕಿದೆ ಅನ್ನೋ ಅರ್ಥದ್ದು. ಖಡಕ್! ಆದರೆ ಮುಂದಿನ ಸೀಸನ್‌ಗೆ ಎಲ್ಲ ರಿಂಕ್‌ಗಳಲ್ಲೂ ಆ ಜಾಗಕ್ಕೆ ಬಾಗಿದ ಗಾಜು ಬಂತು. ಕನ್ಕಷನ್ ಅನುಮಾನ ಇದ್ದವನನ್ನ ಬೆಂಚಲ್ಲಿ ಅಲ್ಲ, ಸದ್ದಿಲ್ಲದ ಕೋಣೆಯಲ್ಲಿ ಡಾಕ್ಟರೇ ಪರೀಕ್ಷಿಸಬೇಕು ಅಂತಾಯ್ತು. ಜೂನ್‌ನಲ್ಲಿ ಆಟಗಾರರ ಸುರಕ್ಷತಾ ವಿಭಾಗ ಅಂತ ಹೊಸ ಇಲಾಖೆ ಘೋಷಿಸಿದ್ರು, ಮುಖ್ಯಸ್ಥ ಮಾಜಿ ಆಟಗಾರ ಬ್ರೆಂಡನ್ ಶಾನಹಾನ್. ಅವನು ಪ್ರತಿ ಸಸ್ಪೆನ್ಷನ್‌ಗೂ ವಿಡಿಯೊ ಮಾಡಿ ಯಾಕೆ, ಎಷ್ಟು ಅಂತ ವಿವರಿಸೋಕೆ ಶುರು ಮಾಡಿದ. ತೀರ್ಪಿಗೆ ಕಾರಣ ಕೊಡೋದು. ನಮಗೆ ಸಾಮಾನ್ಯ ಅನ್ಸುತ್ತೆ, ಆ ಲೀಗ್‌ಗೆ ಅದು ಕ್ರಾಂತಿ.

ಅದೇ ಮೇ ತಿಂಗಳಲ್ಲಿ ಡೆರೆಕ್ ಬೂಗಾರ್ಡ್ ಸತ್ತ. 28 ವರ್ಷ. ಇವನ ಕೆಲಸವೇ ತಂಡದ ಪರವಾಗಿ ಮುಷ್ಟಿ ಜಗಳ ಆಡೋದು. ನೋವಿನ ಮಾತ್ರೆ ಮತ್ತು ಮದ್ಯ ಸೇರಿ ಆಕಸ್ಮಿಕ ಸಾವು. ಆಮೇಲೆ ಬಾಸ್ಟನ್ ಯೂನಿವರ್ಸಿಟಿಯವರು ಅವನ ಮೆದುಳು ಪರೀಕ್ಷಿಸಿದಾಗ ಸಿಟಿಇ ಕಂಡುಬಂತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಮೆದುಳು ಕ್ಷಯಿಸೋ ಕಾಯಿಲೆ, ಸತ್ತ ಮೇಲೆ ಮಾತ್ರ ಖಚಿತವಾಗಿ ಗೊತ್ತಾಗೋದು.

2013ರಲ್ಲಿ ಮಾಜಿ ಆಟಗಾರರು ಲೀಗ್ ಮೇಲೆ ಕೇಸ್ ಹಾಕಿದರು, ನಮಗೆ ಅಪಾಯ ತಿಳಿಸಲಿಲ್ಲ ಅಂತ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಇದೇ ಥರದ ಕೇಸ್‌ನಲ್ಲಿ ಒಪ್ಪಿಕೊಂಡ ಪರಿಹಾರ 100 ಕೋಟಿ ಡಾಲರ್ ದಾಟಿದೆ. ಎನ್‌ಎಚ್‌ಎಲ್ 2018ರಲ್ಲಿ ಮುಗಿಸಿದ್ದು 1 ಕೋಟಿ 89 ಲಕ್ಷ ಡಾಲರ್‌ಗೆ, 300ಕ್ಕೂ ಹೆಚ್ಚು ಆಟಗಾರರಿಗೆ ಸೇರಿ. ತಪ್ಪು ಒಪ್ಪಿಕೊಳ್ಳದೇ. ಹಾಕಿಗೂ ಸಿಟಿಇಗೂ ಸಂಬಂಧ ವೈಜ್ಞಾನಿಕವಾಗಿ ಸಾಬೀತಾಗಿಲ್ಲ ಅನ್ನೋದೇ ಬೆಟ್‌ಮನ್ ನಿಲುವು. ನಮ್ಮ ಅಕೌಂಟ್ಸ್ ಕ್ಲಾಸಲ್ಲಿ ಬರುತ್ತಲ್ಲ, ಪ್ರಾವಿಷನ್ ಮತ್ತು ಕಂಟಿಂಜೆಂಟ್ ಲಯಬಿಲಿಟಿ? ಆಗೋ ಸಾಧ್ಯತೆ ಜಾಸ್ತಿ ಅಂತ ಒಪ್ಪಿಕೊಂಡ ದಿನ ಖರ್ಚು ಪುಸ್ತಕದೊಳಗೆ ಬರುತ್ತೆ, ಅಲ್ಲಿವರೆಗೂ ಕೆಳಗೆ ಟಿಪ್ಪಣಿ. ಆ ಟಿಪ್ಪಣಿಯಲ್ಲಿ ಈ ಮನುಷ್ಯರಿದ್ದಾರೆ.

ಭಾಗ 9

ಹಿಂದಿನ ಪೋಸ್ಟ್‌ಗೆ ಒಬ್ಬ ಕ್ಲಾಸ್‌ಮೇಟ್ ಕಮೆಂಟ್: ಸಸ್ಪೆಂಡ್ ಮಾಡಿದ್ರೆ ಸಂಬಳ ಕಟ್ಟಾ? ಹೌದು, ಕಟ್. ಆ ದುಡ್ಡು ಆಟಗಾರರ ತುರ್ತು ನೆರವಿನ ನಿಧಿಗೆ ಹೋಗುತ್ತೆ.

2015ರಲ್ಲಿ ರಾಫಿ ಟೊರೆಸ್‌ಗೆ 41 ಮ್ಯಾಚ್ ಸಸ್ಪೆನ್ಷನ್ ಆಯ್ತು, 82 ಮ್ಯಾಚ್‌ನ ಸೀಸನ್‌ನ ಸರಿಯಾಗಿ ಅರ್ಧ. ಜಾಕೊಬ್ ಸಿಲ್ಫ್‌ವರ್‌ಬರ್ಗ್ ತಲೆಗೆ ಹೊಡೆದಿದ್ದಕ್ಕೆ. ಹಳೇ ದಾಖಲೆಯೂ ಉದ್ದ ಇತ್ತು. ಕಳಕೊಂಡ ಸಂಬಳ ಸುಮಾರು 4 ಲಕ್ಷ 40 ಸಾವಿರ ಡಾಲರ್. ಅದಾದ ಮೇಲೆ ಟೊರೆಸ್ ಎನ್‌ಎಚ್‌ಎಲ್ ಆಡಲಿಲ್ಲ. ಸರಿ, ಗಟ್ಟಿ ಶಿಕ್ಷೆ.

ಈಗ 2021ರ ಮೇ 3. ವಾಷಿಂಗ್ಟನ್‌ನ ಟಾಮ್ ವಿಲ್ಸನ್, ಐಸ್ ಮೇಲೆ ಬಿದ್ದಿದ್ದ ಪಾವೆಲ್ ಬುಚ್ನೆವಿಚ್‌ಗೆ ಗುದ್ದಿದ. ಅದೇ ಗಲಾಟೆಯಲ್ಲಿ ರೇಂಜರ್ಸ್‌ನ ಸ್ಟಾರ್ ಆರ್ಟೆಮಿ ಪನಾರಿನ್‌ನ ಎತ್ತಿ ಐಸ್‌ಗೆ ಎಸೆದ. ಪನಾರಿನ್ ಆ ಸೀಸನ್ ಮತ್ತೆ ಆಡಲಿಲ್ಲ. ವಿಲ್ಸನ್ ಹಿಂದೆ 2018ರಲ್ಲಿ 20 ಮ್ಯಾಚ್ ಸಸ್ಪೆಂಡ್ ಆಗಿ, ಅಪೀಲ್‌ನಲ್ಲಿ ಅದು 14 ಆಗಿದ್ದವನು. ಈ ಸಲ? ಸಸ್ಪೆನ್ಷನ್ ಸೊನ್ನೆ. ದಂಡ 5,000 ಡಾಲರ್. ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದದ ಪ್ರಕಾರ ಅದೇ ಗರಿಷ್ಠ ದಂಡ. ವಿಲ್ಸನ್ ಸಂಬಳ ವರ್ಷಕ್ಕೆ ಸರಾಸರಿ 51 ಲಕ್ಷ ಡಾಲರ್‌ಗೂ ಜಾಸ್ತಿ. ವರ್ಷಕ್ಕೆ 5 ಲಕ್ಷ ರೂಪಾಯಿ ದುಡಿಯೋನಿಗೆ 500 ರೂಪಾಯಿಗಿಂತ ಕಮ್ಮಿ ದಂಡ ಹಾಕಿದ ಹಾಗೆ.

ಸಿಟ್ಟಾದ ರೇಂಜರ್ಸ್ ತಂಡ ಬಹಿರಂಗ ಹೇಳಿಕೆ ಕೊಡ್ತು: ಸುರಕ್ಷತಾ ವಿಭಾಗದ ಮುಖ್ಯಸ್ಥ ಜಾರ್ಜ್ ಪ್ಯಾರೋಸ್ ಆ ಕುರ್ಚಿಗೆ ಲಾಯಕ್ಕಿಲ್ಲ ಅಂತ. ಲೀಗ್ ತಕ್ಷಣ ಶಿಸ್ತುಕ್ರಮ ತಗೊಂಡ್ತು. ರೇಂಜರ್ಸ್ ಮೇಲೆ. ದಂಡ 2,50,000 ಡಾಲರ್.

ಹೊಡೆದಿದ್ದಕ್ಕೆ 5,000, ಹೊಡೆದ ಅಂತ ಬೈದಿದ್ದಕ್ಕೆ ಅದರ 50 ಪಟ್ಟು. ಮುಂದಿನ ಪಂದ್ಯದಲ್ಲಿ ಪಕ್ ಬಿದ್ದ ತಕ್ಷಣ ಎರಡೂ ತಂಡ ಗ್ಲೌಸ್ ಕಳಚಿ ಹೊಡೆದಾಡಿದವು, 2004ರ ಅದೇ ಸಂಪ್ರದಾಯ.

ಭಾಗ 10

ಇನ್ನೊಂದು ಪಕ್ಷದ ಮಾತೂ ಕೇಳ್ಬೇಕು. ಅವರು ಮೂರ್ಖರಲ್ಲ.

ಚಾರಾ ಥರದವನು ಸುಮ್ಮನೆ ನಿಂತಿದ್ರೂ ಅವನ ಭುಜ ಗಿಡ್ಡ ಆಟಗಾರನ ಮುಖದ ಮಟ್ಟಕ್ಕೆ ಬರುತ್ತೆ. ಎದೆಗೆ ಗುರಿಯಿಟ್ಟಾಗ ಇವನು ಕೊನೇ ಕ್ಷಣಕ್ಕೆ ಬಾಗಿದ್ರೆ ಯಾರ ತಪ್ಪು? ತಲೆಗೆ ತಾಗಿದ್ದೆಲ್ಲ ಪೆನಾಲ್ಟಿ ಅಂದ್ರೆ ಡಿಫೆಂಡರ್‌ಗಳು ಚೆಕ್ ಮಾಡೋದನ್ನೇ ಬಿಡ್ತಾರೆ, ಆಗ ಇದು ಬೇರೆ ಆಟ ಆಗುತ್ತೆ. ಇನ್ನೊಂದು: ಸುಧಾರಣೆಗಳೇ ಕೆಲವು ಸಲ ಉಲ್ಟಾ ಹೊಡೀತವೆ. ಆಟ ಚುರುಕಾಗಲಿ ಅಂತ 2005-06ರಲ್ಲಿ ಉದ್ದ ಪಾಸ್‌ಗಿದ್ದ ತಡೆ ತೆಗೆದರು. ಆಟ ಚುರುಕಾಯ್ತು, ಡಿಕ್ಕಿಯ ವೇಗವೂ ಏರ್ತು.

ಇದಕ್ಕೆ ನನಗೆ ಸಿಕ್ಕ ಒಳ್ಳೆ ಉತ್ತರ ಕೆನ್ ಡ್ರೈಡನ್ ಅವರದು. ಮಾಂಟ್ರಿಯಲ್‌ನ ದಂತಕಥೆ ಗೋಲ್‌ಕೀಪರ್, ಆಮೇಲೆ ವಕೀಲ, ಕೆನಡಾದಲ್ಲಿ ಮಂತ್ರಿ ಕೂಡ ಆಗಿದ್ದವರು. 35ನೇ ವಯಸ್ಸಿಗೆ ಸತ್ತು ಸಿಟಿಇ ಪತ್ತೆಯಾದ ಸ್ಟೀವ್ ಮೊಂಟಡೋರ್ ಬಗ್ಗೆ 2017ರಲ್ಲಿ ಗೇಮ್ ಚೇಂಜ್ ಅಂತ ಪುಸ್ತಕ ಬರೆದರು. ಅವರ ವಾದದ ಸಾರ ಇಷ್ಟು: ಉದ್ದೇಶ ಇತ್ತಾ, ತಪ್ಪಿಸಬಹುದಿತ್ತಾ, ಯಾವ ದಿಕ್ಕಿಂದ ಬಂತು, ಇದೆಲ್ಲ ಮೆದುಳಿಗೆ ಗೊತ್ತಾಗಲ್ಲ. ಪೆಟ್ಟು ಪೆಟ್ಟೇ. ಕೋಲು ಬೇಕಂತಲೇ ತಾಗಿಸದೆ ಇದ್ದರೂ ಮುಖಕ್ಕೆ ತಾಗಿದ್ರೆ ಪೆನಾಲ್ಟಿ ಕೊಡ್ತೀರಲ್ಲ, ನಿನ್ನ ಕೋಲಿಗೆ ನೀನೇ ಜವಾಬ್ದಾರ ಅಂತೀರಲ್ಲ. ಭುಜಕ್ಕೆ ಯಾಕೆ ಬೇರೆ ನ್ಯಾಯ?

ಅಂತರರಾಷ್ಟ್ರೀಯ ಪಂದ್ಯಗಳ ನಿಯಮ ಎನ್‌ಎಚ್‌ಎಲ್‌ಗಿಂತ ಕಟ್ಟುನಿಟ್ಟು. ಅಲ್ಲಿ ಆಟ ಸತ್ತಿಲ್ಲ. ಡ್ರೈಡನ್ 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ನಿಯಮ 48ರಲ್ಲಿ ಆ ಷರತ್ತುಗಳು ಹಾಗೇ ಇವೆ.

ಭಾಗ 11, ಕೊನೇದು

2023ರ ಅಕ್ಟೋಬರ್ 28, ಇಂಗ್ಲೆಂಡಿನ ಶೆಫೀಲ್ಡ್. ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್ ತಂಡದ ಆಡಮ್ ಜಾನ್ಸನ್ ಕತ್ತಿಗೆ ಎದುರಾಳಿಯ ಸ್ಕೇಟ್ ಬ್ಲೇಡ್ ತಾಗಿತು. ಮಿನಿಸೋಟದ ಹುಡುಗ, ಹಿಂದೆ ಪಿಟ್ಸ್‌ಬರ್ಗ್ ಪರವಾಗಿ 13 ಎನ್‌ಎಚ್‌ಎಲ್ ಪಂದ್ಯ ಆಡಿದ್ದವನು. ಉಳಿಯಲಿಲ್ಲ. ವಯಸ್ಸು 29, ಮಾಸ್ಟರ್ಟನ್‌ಗೂ ಅಷ್ಟೇ ಆಗಿತ್ತು. ಎದುರಾಳಿಯನ್ನ ಪೊಲೀಸರು ಬಂಧಿಸಿದ್ದರು, 2025ರಲ್ಲಿ ಕೇಸ್ ಹಾಕಲ್ಲ ಅಂತ ಅಲ್ಲಿನ ಪ್ರಾಸಿಕ್ಯೂಷನ್ ನಿರ್ಧರಿಸಿತು.

ಇಂಗ್ಲೆಂಡಿನ ಲೀಗ್‌ನಲ್ಲಿ ಕತ್ತಿನ ಗಾರ್ಡ್ ಎರಡೇ ತಿಂಗಳಲ್ಲಿ ಎಲ್ಲರಿಗೂ ಕಡ್ಡಾಯ ಆಯ್ತು. ಎನ್‌ಎಚ್‌ಎಲ್‌ನಲ್ಲಿ? ಹೊಸ ಒಪ್ಪಂದದಲ್ಲಿ ಸೇರಿಸಿದ್ದಾರೆ: 2026-27ರ ಸೀಸನ್‌ನಿಂದ ಕಡ್ಡಾಯ, ಆದರೆ ಅಲ್ಲಿವರೆಗೆ ಒಂದೂ ಎನ್‌ಎಚ್‌ಎಲ್ ಪಂದ್ಯ ಆಡಿರದ ಹೊಸಬರಿಗೆ ಮಾತ್ರ. ಮುಖದ ಮುಂದಿನ ವೈಸರ್ ತಂದಾಗಲೂ, 2013ರಲ್ಲಿ, ಹೀಗೇ ಮಾಡಿದ್ದರು: 25ಕ್ಕಿಂತ ಕಮ್ಮಿ ಪಂದ್ಯ ಆಡಿದವರಿಗಷ್ಟೇ.

ಹೆಲ್ಮೆಟ್ ನಿಯಮ ಬಂದಿದ್ದು 1979ರಲ್ಲಿ, ಕೊನೆಯ ಬರಿತಲೆ ಹೋಗಿದ್ದು 1997ರಲ್ಲಿ. ಅದೇ 18 ವರ್ಷವನ್ನ 2026ಕ್ಕೆ ಕೂಡಿಸಿದ್ರೆ 2044. ಆಗ ನಮಗೆಲ್ಲ 38, 39. ಐಸ್ ಮೇಲೆ ಕೊನೆಯ ಬರಿಗತ್ತಿನ ಆಟಗಾರ ಇನ್ನೂ ಆಡ್ತಿರ್ತಾನೆ.

#ಐಸ್‌ಹಾಕಿ #ಕ್ರೀಡಾಇತಿಹಾಸ #ಎನ್‌ಎಚ್‌ಎಲ್ #ಕನ್ನಡದಲ್ಲಿಓದಿ